ಮೂಲ ವೈರಿಂಗ್ ಕತ್ತರಿಸದೆ ಕಾರಿಗೆ ಹೊಸ ಸ್ಟೀರಿಯೋ ಕೂರಿಸಿದ್ದು

ಕಾರಿನ ಜೊತೆಗೇ ಬಂದಿದ್ದ ಸ್ಟೀರಿಯೋದಲ್ಲಿ ಬ್ಲೂಟೂತ್ ಇರಲಿಲ್ಲ, ಹಿಂಬದಿ ಕ್ಯಾಮೆರಾ ಜೋಡಿಸುವ ದಾರಿಯೂ ಇರಲಿಲ್ಲ. ಕಾರು ಮಾತ್ರ ಗಟ್ಟಿಮುಟ್ಟಾಗಿತ್ತು. ಹಾಗಾಗಿ ಹೊಸ ಸ್ಟೀರಿಯೋ ತಂದು ನಾನೇ ಕೂರಿಸಿದೆ. ಕಾರಿನ ಮೂಲ ವೈರಿಂಗ್‌ನಲ್ಲಿ ಒಂದು ತಂತಿಯನ್ನೂ ಕತ್ತರಿಸಬಾರದು ಎಂದು ಕೆಲಸಕ್ಕೆ ಕೈಹಾಕುವ ಮೊದಲೇ ನಿರ್ಧರಿಸಿದ್ದೆ. ಕಂಪನಿಯ ಕಪ್ಲರ್ (ತಂತಿಗಳ ಗೊಂಚಲನ್ನು ಸಿಕ್ಕಿಸುವ ಪ್ಲಾಸ್ಟಿಕ್ ಕನೆಕ್ಟರ್) ಕತ್ತರಿಸಿ, ತಂತಿಗಳನ್ನು ಬೆರಳಲ್ಲಿ ಹೊಸೆದು, ಮೇಲೆ ಟೇಪ್ ಸುತ್ತಿದ ಕಾರುಗಳನ್ನು ಸಾಕಷ್ಟು ನೋಡಿದ್ದೇನೆ. ಬಿಸಿಲಿಗೆ ಟೇಪಿನ ಅಂಟು ಕರಗುತ್ತದೆ, ಗಂಟು ಸಡಿಲಾಗುತ್ತದೆ, ಹಾಡು ಬಿಟ್ಟು ಬಿಟ್ಟು ಕೇಳಿಸತೊಡಗುತ್ತದೆ. ಸ್ಟೀರಿಯೋ ಕೆಟ್ಟಿದೆ ಎಂದು ಜನ ಬೈಯುವ ಹೊತ್ತಿಗೆ ತಪ್ಪಿರುವುದು ಆ ಗಂಟಿನಲ್ಲಿ.

ಕೊಳ್ಳುವ ಮೊದಲು ನೋಡಬೇಕಾದದ್ದು ಅಳತೆ. ಕಾರ್ ಸ್ಟೀರಿಯೋಗಳಿಗೆ ‘ಡಿನ್’ ಎಂಬ ಗೊತ್ತಾದ ಅಳತೆಯಿದೆ. ಸಿಂಗಲ್ ಡಿನ್ ಎಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್‌ನಲ್ಲಿ ಎತ್ತರ 100 ಮಿ.ಮೀ. ಅಗಲ ಎತ್ತರಗಳನ್ನು ಎಲ್ಲರೂ ಗಮನಿಸುತ್ತಾರೆ, ಆಳವನ್ನು ಮರೆಯುತ್ತಾರೆ. ಪೆಟ್ಟಿಗೆಯ ಹಿಂದೆ ಕಪ್ಲರ್, ಆಂಟೆನಾ, ಯುಎಸ್‌ಬಿ ತಂತಿಗಳೆಲ್ಲ ಮಡಚಿ ಕೂರಬೇಕು. ಅದಕ್ಕೂ ಜಾಗ ಬೇಕು. ವಾಟ್ ನೋಡಿ ನಾನು ಆಯ್ಕೆ ಮಾಡಲಿಲ್ಲ. ಡಬ್ಬದ ಮೇಲೆ ‘50 ವಾಟ್ × 4’ ಎಂದಿರುವುದು ಕ್ಷಣಮಾತ್ರದ ಗರಿಷ್ಠ ಲೆಕ್ಕ. ಎಂಜಿನ್ ಓಡುವಾಗ ಸಿಗುವ ಸುಮಾರು 14.4 ವೋಲ್ಟ್‌ನಿಂದ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಕೊಡಬಹುದಾದದ್ದು ಲೆಕ್ಕದ ಪ್ರಕಾರವೇ 26 ವಾಟ್ ಆಸುಪಾಸು. ನಿಜದಲ್ಲಿ ಅದಕ್ಕೂ ಸ್ವಲ್ಪ ಕಡಿಮೆ.

ಸ್ಟೀರಿಯೋದ ಜೊತೆಗೆ ನನ್ನ ಕಾರಿನ ಮಾದರಿಗೆ ಹೊಂದುವ ಹಾರ್ನೆಸ್ ಅಡಾಪ್ಟರ್, ಆಂಟೆನಾ ಅಡಾಪ್ಟರ್ ಮತ್ತು ಸ್ಟೀರಿಯೋ ಕೂರುವ ಫ್ರೇಮ್ ತರಿಸಿಕೊಂಡೆ. ಹಾರ್ನೆಸ್ ಅಡಾಪ್ಟರಿನ ಒಂದು ತುದಿ ಕಾರಿನ ಕಪ್ಲರಿಗೆ ನೇರವಾಗಿ ಸಿಕ್ಕಿಕೊಳ್ಳುತ್ತದೆ, ಇನ್ನೊಂದು ತುದಿಯ ತಂತಿಗಳನ್ನು ಸ್ಟೀರಿಯೋದ ತಂತಿಗಳಿಗೆ ಸೇರಿಸಬೇಕು. ಇಷ್ಟು ಖರ್ಚು ಮಾಡಲು ಹಿಂಜರಿಯಬೇಡಿ. ನಾಳೆ ಹಳೆಯ ಸ್ಟೀರಿಯೋವನ್ನೇ ಮತ್ತೆ ಹಾಕಬೇಕಾದರೂ ಕಪ್ಲರ್ ಕಳಚಿ ಸಿಕ್ಕಿಸಿದರೆ ಮುಗಿಯಿತು.

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕೆಲವು ನಿಮಿಷ ಬಿಟ್ಟು ಡ್ಯಾಶ್‌ಬೋರ್ಡ್ ಮುಟ್ಟಿದೆ. ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಈ ಕಾಯುವಿಕೆ ಕಡ್ಡಾಯ. ಹಳದಿ ಬಣ್ಣದ ಏರ್‌ಬ್ಯಾಗ್ ಕಪ್ಲರ್‌ಗಳು ಕಂಡರೆ ಅವುಗಳ ತಂಟೆಗೆ ಹೋಗಲೇಬಾರದು. ಪ್ಯಾನೆಲ್ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿಯನ್ನೇ ಬಳಸಿದೆ. ಸ್ಕ್ರೂಡ್ರೈವರ್ ತೂರಿಸಿದರೆ ಅಂಚಿನಲ್ಲಿ ಗಾಯ ಉಳಿದುಬಿಡುತ್ತದೆ. ಒಂದು ಮೂಲೆಯಿಂದ ಮೆಲ್ಲಗೆ ಎತ್ತುತ್ತಾ ಹೋದಂತೆ ಕ್ಲಿಪ್‌ಗಳು ಒಂದೊಂದಾಗಿ ಟಕ್ಕೆಂದು ಬಿಟ್ಟುಕೊಂಡವು. ಪ್ಯಾನೆಲ್ ಎಲ್ಲಾದರೂ ಬಿಗಿದುಕೊಂಡರೆ ಬಲ ಹಾಕಬಾರದು, ಅಲ್ಲಿ ಕಣ್ಣಿಗೆ ಬೀಳದ ಸ್ಕ್ರೂ ಇದೆ ಎಂದೇ ತಿಳಿಯಬೇಕು.

ಹೆಚ್ಚು ಹೊತ್ತು ಹಿಡಿದದ್ದು ಮಲ್ಟಿಮೀಟರಿನ ಕೆಲಸ. ಹೊರಗಿನಿಂದ ಕೊಂಡು ತರುವ ಸ್ಟೀರಿಯೋಗಳಲ್ಲಿ ತಂತಿಯ ಬಣ್ಣಗಳಿಗೆ ಸಾಮಾನ್ಯವಾಗಿ ಒಂದು ಕ್ರಮವಿದೆ. ಹಳದಿ ಸದಾ ಇರುವ 12 ವೋಲ್ಟ್, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್, ಕಪ್ಪು ಅರ್ತ್, ಅಂದರೆ ಕಾರಿನ ಲೋಹದ ಮೈ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆಯಿದ್ದರೆ ಅದು ಆ ಸ್ಪೀಕರಿನ ನೆಗೆಟಿವ್. ಆದರೆ ಕಾರಿನ ಕಡೆಯ ತಂತಿಗಳು ಈ ಬಣ್ಣಗಳಿಗೆ ಬದ್ಧವಲ್ಲ. ಅದಕ್ಕೆ ಬ್ಯಾಟರಿಯನ್ನು ಮತ್ತೆ ಜೋಡಿಸಿ, ಕಪ್ಲರಿನ ಪ್ರತಿ ಪಿನ್ನನ್ನೂ ಕೀಲಿ ಆಫ್ ಇದ್ದಾಗೊಮ್ಮೆ, ಆನ್ ಇದ್ದಾಗೊಮ್ಮೆ ಅಳೆದು ಕಾಗದದ ಮೇಲೆ ಬರೆದುಕೊಂಡೆ. ಕೆಲವು ಕಾರುಗಳಲ್ಲಿ ಹಳದಿ, ಕೆಂಪುಗಳ ಜಾಗ ಅದಲುಬದಲಾಗಿರುತ್ತದೆ. ಹಾಗೇ ಸೇರಿಸಿದರೂ ಹಾಡು ಬರುತ್ತದೆ, ಆದರೆ ಕೀಲಿ ತೆಗೆದಾಗಲೆಲ್ಲ ಗಡಿಯಾರ, ರೇಡಿಯೋ ಕೇಂದ್ರಗಳೆಲ್ಲ ಅಳಿಸಿಹೋಗುತ್ತವೆ. ಕೀಲಿಯ ಸಂಕೇತ ಕ್ಯಾನ್ ಬಸ್ (ಕಾರಿನ ಭಾಗಗಳು ಡಿಜಿಟಲ್ ಸಂದೇಶ ಹಂಚಿಕೊಳ್ಳುವ ಜಾಲ) ಮೂಲಕವೇ ಬರುವ ಹೊಸ ಕಾರುಗಳಲ್ಲಿ ಆ ಕೆಂಪು ತಂತಿಯೇ ಸಿಗದಿರಬಹುದು. ಅವಕ್ಕೆ ಸಂಕೇತ ಓದುವ ಪ್ರತ್ಯೇಕ ಅಡಾಪ್ಟರ್ ಬೇಕು.

ಸ್ಪೀಕರ್ ತಂತಿಗಳನ್ನು ಗುರುತಿಸಲು 1.5 ವೋಲ್ಟ್‌ನ ಸಾಮಾನ್ಯ ಸೆಲ್ ಸಾಕಾಯಿತು. ಸ್ಟೀರಿಯೋ ಕಳಚಿದ್ದಾಗಲೇ ಈ ಪರೀಕ್ಷೆ ಮಾಡಬೇಕು. ಒಂದು ಜೋಡಿ ತಂತಿಗೆ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿದರೆ ಯಾವುದೋ ಬಾಗಿಲಿನಿಂದ ‘ಟಪ್’ ಎಂಬ ಸದ್ದು ಬರುತ್ತದೆ. ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ: ಸ್ಪೀಕರಿನ ಕೋನ್ (ಅದುರಿ ಸದ್ದು ಮಾಡುವ ಪರದೆ) ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಪಾಸಿಟಿವ್ ತಾಗಿದ ತಂತಿಯೇ ಪಾಸಿಟಿವ್. ಒಂದು ಬಾಗಿಲಿನಲ್ಲಿ ಇದು ತಿರುವುಮುರುವಾದರೂ ಎಡ ಬಲ ಸ್ಪೀಕರುಗಳು ಒಂದನ್ನೊಂದು ಕೊಂದುಕೊಂಡು, ತಬಲಾದ ಗುಮ್ಮೆನ್ನುವ ಪೆಟ್ಟು ಸತ್ತುಹೋಗುತ್ತದೆ.

ತಂತಿ ಜೋಡಿಸಿದ್ದು ಕಾರಿನೊಳಗೆ ಬಗ್ಗಿ ಕುಳಿತಲ್ಲ, ಮೇಜಿನ ಮೇಲೆ. ಅಡಾಪ್ಟರಿನ ಲಾಭವೇ ಅದು. ಪ್ರತಿ ತಂತಿಯನ್ನೂ ಸುಲಿದು, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೂರಿಸಿ, ಲೋಹದ ತುಣುಕಿನೊಳಗೆ ಒತ್ತಿ ಕ್ರಿಂಪ್ ಮಾಡಿ, ಎಳೆದು ನೋಡಿ, ಆಮೇಲೆ ಬಿಸಿಗಾಳಿ ಹಿಡಿದೆ. ಎಳೆದಾಗ ಬಿಟ್ಟುಕೊಳ್ಳುವ ಜೋಡಣೆ ರಸ್ತೆಯ ಕುಲುಕಾಟದಲ್ಲೂ ಬಿಟ್ಟುಕೊಳ್ಳುತ್ತದೆ. ಸ್ಪೀಕರಿನ ಯಾವ ತಂತಿಯನ್ನೂ ಕಾರಿನ ಲೋಹದ ಮೈಗೆ ಅರ್ತ್ ಮಾಡಬಾರದು. ಇಂದಿನ ಸ್ಟೀರಿಯೋಗಳಲ್ಲಿ ಪಾಸಿಟಿವ್, ನೆಗೆಟಿವ್ ಎರಡನ್ನೂ ಆಂಪ್ಲಿಫೈಯರೇ ನಡೆಸುತ್ತದೆ. ನೆಗೆಟಿವ್ ಕಾರಿನ ಮೈಗೆ ತಾಗಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ನೀಲಿ ತಂತಿಯನ್ನು ಆಂಟೆನಾದ ಬೂಸ್ಟರಿಗೆ ಕೊಟ್ಟೆ. ಎಫ್‌ಎಂ ಕ್ಷೀಣವಾಗಿ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ತಂತಿಯನ್ನೇ. ವಿಡಿಯೋ ತಡೆಯುವ ಹ್ಯಾಂಡ್‌ಬ್ರೇಕ್ ತಂತಿಯನ್ನು ಸುಮ್ಮನೆ ಅರ್ತ್ ಮಾಡಿಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ನಾನು ಅದನ್ನು ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೇ ಕೊಟ್ಟೆ. ಓಡಿಸುವವನ ಕಣ್ಣೆದುರು ಸಿನಿಮಾ ಓಡಬಾರದು, ಇದರಲ್ಲಿ ನನಗೆ ರಾಜಿಯಿಲ್ಲ.

ಪ್ಯಾನೆಲ್ ಮುಚ್ಚುವ ಮೊದಲೇ ಎಲ್ಲವನ್ನೂ ಪರೀಕ್ಷಿಸಿದೆ. ಬ್ಯಾಲೆನ್ಸ್ (ಎಡ-ಬಲ), ಫೇಡರ್ (ಮುಂದೆ-ಹಿಂದೆ) ತಿರುಗಿಸಿ ನಾಲ್ಕು ಮೂಲೆಗಳನ್ನೂ ಬೇರೆ ಬೇರೆಯಾಗಿ ಕೇಳಿದೆ. ರಿವರ್ಸ್ ಗೇರ್ ಹಾಕಿದೊಡನೆ ಕ್ಯಾಮೆರಾ ಬಂತು. ಸ್ಟೀರಿಂಗಿನ ಬಟನ್‌ಗಳನ್ನು ಒಂದೊಂದಾಗಿ ಕಲಿಸಿದೆ. ಎಂಜಿನ್ ಶುರು ಮಾಡಿ ವೇಗ ಹೆಚ್ಚಿಸಿದಾಗ ಸ್ಪೀಕರಿನಲ್ಲಿ ಸಣ್ಣಗೆ ಕೊಯ್ಯೆನ್ನುವ ಸದ್ದು ಕೇಳಿಸಿತು. ಎಂಜಿನ್ ವೇಗದ ಜೊತೆ ಏರಿಳಿಯುವ ಈ ಸದ್ದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನದು, ಬಹುತೇಕ ಅರ್ತ್ ಸರಿಯಿಲ್ಲದಿದ್ದಾಗ ಬರುತ್ತದೆ. ಕಪ್ಪು ತಂತಿಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಬಣ್ಣವಿಲ್ಲದ ಲೋಹದ ಬೋಲ್ಟಿಗೆ ಬಿಗಿದ ಮೇಲೆ ಸದ್ದು ನಿಂತಿತು.

ಹಿಂದಿನ ತಂತಿಗಳಿಗೆಲ್ಲ ಬಟ್ಟೆಯ ಟೇಪ್ ಸುತ್ತಿ, ಪ್ಲಾಸ್ಟಿಕ್ಕಿಗೆ ತಾಗುವಲ್ಲಿ ಫೋಮ್ ಅಂಟಿಸಿ ಪ್ಯಾನೆಲ್ ಮುಚ್ಚಿದೆ. ಕೊನೆಗೆ ಸೆಟ್ಟಿಂಗಿನಲ್ಲಿ ಬಾಗಿಲಿನ ಸ್ಪೀಕರುಗಳಿಗೆ 80 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ ಹಾಕಿದೆ. ಚಿಕ್ಕ ಕೋನ್‌ಗಳಿಗೆ ನಿಭಾಯಿಸಲಾಗದ ತೀರಾ ಕೆಳಗಿನ ಸ್ವರಗಳನ್ನು ಅದು ತಡೆಯುತ್ತದೆ. ಹಳೆಯ ಸ್ಪೀಕರುಗಳೇ ಆದರೂ ಈಗ ದನಿ ಎತ್ತರಿಸಿದಾಗ ಒಡೆಯುವುದಿಲ್ಲ, ಬಾಗಿಲೂ ನಡುಗುವುದಿಲ್ಲ.