ಹಳೇ ಅಪ್ರೆಂಟಿಸ್ ಕರಾರಿನ ಜಮಾ-ಖರ್ಚು ಬಿಡಿಸುವುದು ಹೇಗೆ?

18ನೇ ಶತಮಾನದ ಇಂಗ್ಲೆಂಡಿನ ಅಪ್ರೆಂಟಿಸ್ ಕರಾರಿನ, ಅಂದರೆ ಯಜಮಾನನ ಹತ್ತಿರ ಇದ್ದು ಕಸುಬು ಕಲಿಯುವ ಹುಡುಗನ ಒಪ್ಪಂದದ, ಒಂದು ಪ್ರತಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಲೆಕ್ಕ ಹಾಕಿ ಎಂದರೆ, ಹೆಚ್ಚಿನವರು ಎರಡೇ ಸಾಲು ಬರೆಯುತ್ತಾರೆ. ‘ಏಳು ವರ್ಷ ಸಂಬಳ ಇಲ್ಲ. ಆದ್ದರಿಂದ ಇದು ಬಿಟ್ಟಿ ಚಾಕರಿ.’ ಈ ಉತ್ತರ ತಿದ್ದಿ ತಿದ್ದಿ ಸಾಕಾಗಿದೆ. ತಪ್ಪಾಗುವುದು ಒಂದೇ ಕಡೆ: ಏಳೂ ವರ್ಷಗಳನ್ನು ಒಂದೇ ತೂಕದಲ್ಲಿ ತೂಗುತ್ತಾರೆ.

ಮೊದಲು ಕಾಗದದ ಅಂಚು ನೋಡಿ. ಒಂದೇ ಹಾಳೆಯಲ್ಲಿ ಕರಾರನ್ನು ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸಿ, ಎರಡೂ ಕಡೆಯವರಿಗೆ ಒಂದೊಂದು ತುಂಡು ಕೊಡುತ್ತಿದ್ದರು. ಜಗಳ ಬಂದರೆ ಜೋಡಿಸಿ ನೋಡುವುದು; ಹಲ್ಲಿಗೆ ಹಲ್ಲು ಕೂತರೆ ಅಸಲಿ. ಈ ಕರಾರಿಗೆ ‘ಇಂಡೆಂಚರ್’ ಎಂಬ ಹೆಸರು ಬಂದದ್ದೇ ಈ ಹಲ್ಲಿನಿಂದ.

ಆಮೇಲೆ ಅವಧಿ ಬರೆದುಕೊಳ್ಳಿ. 1563ರ ಕಾಯ್ದೆ ಕನಿಷ್ಠ ಏಳು ವರ್ಷ ಎಂದಿತ್ತು. ಆ ಕಲಮು 1814ರಲ್ಲಿ ರದ್ದಾಯಿತು.

ಮೂರನೆಯದು ಪ್ರೀಮಿಯಂ, ಅಂದರೆ ಹುಡುಗನನ್ನು ಸೇರಿಸಿಕೊಳ್ಳಲು ಅಪ್ಪ-ಅಮ್ಮ ಯಜಮಾನನಿಗೆ ಕೊಡುವ ಹಣ. ಹೌದು, ಕೊಡುತ್ತಿದ್ದದ್ದು ಹುಡುಗನ ಕಡೆಯವರೇ. ಎಲ್ಲರೂ ಕೊಡುತ್ತಿರಲಿಲ್ಲ, ಕೊಟ್ಟವರಿಗೂ ಚೌಕಾಸಿ ಇದ್ದೇ ಇತ್ತು. ಅಮೆರಿಕದ ಬೋಸ್ಟನ್ನಿನಲ್ಲಿ, ಮುಂದೆ ಮುದ್ರಕನಾಗಿ, ವಿಜ್ಞಾನಿಯಾಗಿ ಹೆಸರಾದ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಚಾಕು-ಕತ್ತರಿ ಮಾಡುವ ನೆಂಟನ ಹತ್ತಿರ ಬಿಟ್ಟಿದ್ದರು. ಆತ ಫೀಸು ಕೇಳಿದ್ದು ಹಿಡಿಸದೆ ಅಪ್ಪ ಮಗನನ್ನು ವಾಪಸ್ ಕರೆತಂದ. ಮೊತ್ತ ಮಸುಕಾಗಿದ್ದರೆ ತೆರಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. 1710ರಿಂದ ಬ್ರಿಟನ್ನಿನಲ್ಲಿ ಪ್ರೀಮಿಯಂ ಮೇಲೆ ಸುಂಕವಿತ್ತು: 50 ಪೌಂಡ್‌ವರೆಗೆ ಪೌಂಡಿಗೆ 6 ಪೆನ್ಸ್, ಅದಕ್ಕಿಂತ ಜಾಸ್ತಿ ಇದ್ದರೆ ಪೌಂಡಿಗೆ 1 ಶಿಲಿಂಗ್. ಸುಂಕ 10 ಶಿಲಿಂಗ್ ಎಂದಿದ್ದರೆ ಅದು 120 ಪೆನ್ಸ್. ಅಲ್ಲಿಗೆ ಪ್ರೀಮಿಯಂ 20 ಪೌಂಡ್.

ಇದನ್ನು ಇಂದಿನ ರೂಪಾಯಿಗೆ ಬದಲಾಯಿಸುವ ಆನ್‌ಲೈನ್ ಕ್ಯಾಲ್ಕುಲೇಟರ್ ಮುಟ್ಟಲೇಬೇಡಿ. ಬ್ರೆಡ್ಡಿನ ಬೆಲೆ ಹಿಡಿದರೆ ಒಂದು ಮೊತ್ತ ಬರುತ್ತದೆ, ಕೂಲಿ ಹಿಡಿದರೆ ಅದರ ಎಷ್ಟೋ ಪಟ್ಟು ಬರುತ್ತದೆ. ಆ ಕಾಲದ ಹಣವನ್ನು ಆ ಕಾಲದ ಹಣದ ಜೊತೆಗೇ ಹೋಲಿಸಿ.

ಈಗ ಎಲ್ಲರೂ ಎಡವುವ ಘಟ್ಟ. ಪೆನ್ಸಿಲ್ ತೆಗೆದುಕೊಳ್ಳಿ, ಎಕ್ಸೆಲ್ ಆಮೇಲೆ. ವರ್ಷಕ್ಕೊಂದು ಸಾಲಿನಂತೆ ಏಳು ಸಾಲು ಎಳೆಯಿರಿ. ಊಟ, ವಸತಿಯನ್ನು ಸಾಮಾನ್ಯವಾಗಿ ಯಜಮಾನನೇ ಕೊಡಬೇಕಿತ್ತು. ಅದು ಅವನ ಖರ್ಚು. ಹುಡುಗನ ಕೆಲಸದ ಬೆಲೆ ಯಜಮಾನನ ಜಮಾ.

ಮುದ್ರಣಾಲಯವನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಹೊಸ ಹುಡುಗ ಅಚ್ಚುಮೊಳೆಗಳನ್ನು ಬಿಚ್ಚಿ ಆಯಾ ಖಾನೆಗೆ ಹಾಕಬೇಕು. ಮೊಳೆಯ ಮೇಲಿನ ಅಕ್ಷರ ತಿರುಗುಮುರುಗು. ‘ಬಿ’ಗೂ ‘ಡಿ’ಗೂ ಗೊಂದಲವಾಗಿ ಹತ್ತು ಮೊಳೆ ತಪ್ಪು ಖಾನೆಗೆ ಬಿದ್ದರೆ, ಮಾರನೆಯ ದಿನ ನುರಿತ ಕೆಲಸಗಾರನ ಸಮಯವೆಲ್ಲ ತಿದ್ದುವುದರಲ್ಲೇ ಹೋಗುತ್ತದೆ. ಆ ನಷ್ಟವೂ ಯಜಮಾನನದೇ ಅಲ್ವಾ?

ಅಭ್ಯಾಸಕ್ಕೆಂದು ನಾನೇ ಇಟ್ಟ ಅಂಕಿಗಳು ಇವು. ವರ್ಷದ ಖರ್ಚು 10 ಪೌಂಡ್. ಕೆಲಸದ ಬೆಲೆ ಕ್ರಮವಾಗಿ 2, 4, 7, 10, 14, 18, 20. ಮೊದಲ ಮೂರು ವರ್ಷ ಯಜಮಾನನಿಗೆ 8, 6, 3 ಪೌಂಡ್ ನಷ್ಟ, ಒಟ್ಟು 17. ನಾಲ್ಕನೇ ವರ್ಷ ಸರಿಗೆ ಸರಿ. ಕೊನೆಯ ಮೂರರಲ್ಲಿ 4, 8, 10, ಒಟ್ಟು 22 ಲಾಭ. ಹುಡುಗ ಪೂರ್ತಿ ನಿಂತರೆ ಯಜಮಾನನಿಗೆ ಉಳಿಯುವುದು ಬರೀ 5 ಪೌಂಡ್. ನಾಲ್ಕನೇ ವರ್ಷ ಮುಗಿಸಿ ಹೊರಟುಬಿಟ್ಟರೆ? 17 ಪೌಂಡ್ ಕೈಬಿಟ್ಟಂತೆ.

ಇಲ್ಲಿ 20 ಪೌಂಡ್ ಪ್ರೀಮಿಯಂ ಸೇರಿಸಿ ನೋಡಿ. ಹುಡುಗ ಅರ್ಧಕ್ಕೆ ಹೋದರೂ ಯಜಮಾನನಿಗೆ 3 ಪೌಂಡ್ ಉಳಿಯಿತು! ಸುಮ್ನೆ ಹೆದರಿ ಕೇಳುತ್ತಿದ್ದ ಹಣವಲ್ಲ ಅದು. ಲಂಡನ್ನಿನಲ್ಲಿ ಸುಮಾರು ಅರ್ಧದಷ್ಟು ಅಪ್ರೆಂಟಿಸ್‌ಗಳು ಅವಧಿ ಮುಗಿಸುತ್ತಲೇ ಇರಲಿಲ್ಲ. ಹುಡುಗನ ಕಡೆಗೂ ಕಾವಲಿತ್ತು: ಯಜಮಾನ ಸರಿಯಾಗಿ ಕಲಿಸದಿದ್ದರೆ ಅಲ್ಲಿನ ಮೇಯರ್ ಕೋರ್ಟು ಕರಾರು ಬಿಡಿಸಿ, ಪ್ರೀಮಿಯಂನ ಒಂದು ಭಾಗ ವಾಪಸ್ ಕೊಡಿಸುತ್ತಿತ್ತು.

ಅವಧಿ ಕಡಿಮೆಯಾದಾಗ ಏನಾಗುತ್ತದೆ ನೋಡಲು, ಮುಂದೆ ಉಗಿ ಯಂತ್ರವನ್ನು ಸುಧಾರಿಸಿದ ಜೇಮ್ಸ್ ವ್ಯಾಟ್‌ನನ್ನು ತೆಗೆದುಕೊಳ್ಳಿ. 1755ರಲ್ಲಿ ಲಂಡನ್ನಿನ ಉಪಕರಣ ತಯಾರಕ ಜಾನ್ ಮಾರ್ಗನ್ ಹತ್ತಿರ ಒಂದೇ ವರ್ಷ ಕಲಿಯಲು 20 ಗಿನಿ, ಅಂದರೆ 21 ಪೌಂಡ್ ತೆತ್ತ. ಜೊತೆಗೆ ದುಡಿದದ್ದೂ ಮಾರ್ಗನ್‌ಗೇ. ಕಳೆದುಕೊಂಡದ್ದನ್ನು ದುಡಿಸಿಕೊಂಡು ತುಂಬಿಸಿಕೊಳ್ಳುವ ಕೊನೆಯ ವರ್ಷಗಳೇ ಇಲ್ಲದಾಗ ಯಜಮಾನ ಹಣವನ್ನು ಮೊದಲೇ ಕೇಳುತ್ತಾನೆ.

ಇಸ್ಪೀಟು ಆಡಬಾರದು, ಹೆಂಡದಂಗಡಿಗೆ ಹೋಗಬಾರದು, ಮದುವೆಯಾಗಬಾರದು ಎಂಬ ಸಾಲುಗಳು ಹೆಚ್ಚುಕಡಿಮೆ ಎಲ್ಲ ಕರಾರಿನಲ್ಲೂ ಇರುತ್ತವೆ. ಹುಡುಗನ ಗುಣ ಅಳೆಯಲು ಅವನ್ನು ಬಳಸಬೇಡಿ.

ಕೊನೆಗೆ, ಅವನು ಯಾವ ವರ್ಷ ಬಿಟ್ಟ ಎಂದು ಹುಡುಕಿ, ಆ ಸಾಲಿನ ಕೆಳಗೆ ಗೆರೆ ಎಳೆಯಿರಿ. ಫ್ರಾಂಕ್ಲಿನ್ 1718ರಲ್ಲಿ, 12ನೇ ವಯಸ್ಸಿಗೆ, ಅಣ್ಣ ಜೇಮ್ಸ್‌ನ ಮುದ್ರಣಾಲಯ ಸೇರಿದ. 21 ತುಂಬುವವರೆಗೆ ಕರಾರು, ಕೊನೆಯ ವರ್ಷ ಮಾತ್ರ ಕೂಲಿ. 1723ರಲ್ಲಿ, 17ನೇ ವಯಸ್ಸಿಗೆ, ಓಡಿಹೋದ. ಮೊಳೆ ಜೋಡಿಸಲು ಕೈ ಪಳಗಿತ್ತು, ಬರವಣಿಗೆಯೂ ಕುದುರಿತ್ತು. ಲಾಭದ ವರ್ಷಗಳು ಆಗಷ್ಟೇ ಶುರುವಾಗಿದ್ದವು. ಕೆಲವೇ ದಿನಗಳಲ್ಲಿ ಜೇಮ್ಸ್‌ನ ಪತ್ರಿಕೆಯಲ್ಲೇ ಜಾಹೀರಾತು ಬಂತು: ಅಪ್ರೆಂಟಿಸ್ ಆಗಲು ಚುರುಕಾದ ಹುಡುಗ ಬೇಕಾಗಿದ್ದಾನೆ.