ಸೈಕಲ್ ಅಲಾರಂ ಕೂಗಿದ್ರೆ ಸಾಕಾ, ಕೇಳೋರು ಬೇಡ್ವಾ? – ನನ್ನ ಅನುಭವ

ನಮ್ಮ ಮನೆ ಇರೋದು ಕೊಡಗಿನ ಸುಂಟಿಕೊಪ್ಪದಿಂದ ನಾಲ್ಕು ಕಿಲೋಮೀಟರ್ ಒಳಗೆ, ತೋಟದ ಮಧ್ಯ. ಬೆಳಗ್ಗೆ ಸೈಕಲ್ ತುಳ್ಕೊಂಡು ಮೇನ್ ರೋಡಿಗೆ ಬಂದು ಒಂದು ಅಂಗಡಿ ಹಿಂದೆ ನಿಲ್ಸಿ ಅಲ್ಲಿಂದ ಬಸ್ಸು ಹಿಡ್ದು ಮಡಿಕೇರಿಗೆ ಕೆಲಸಕ್ಕೆ ಹೋಗ್ತೀನಿ, ವಾಪಸ್ ಬರೋದು ಸಂಜೆ ಆರೂವರೆಗೆ. ಅಂದ್ರೆ ದಿನಾ ಹತ್ತು ಗಂಟೆ ಸೈಕಲ್ ಒಂದೇ ಜಾಗದಲ್ಲಿ. ಯಾರಾದ್ರೂ ಒಂದು ವಾರ ಗಮನ ಇಟ್ಟು ನೋಡಿದ್ರೆ ನನ್ನ ಟೈಮ್‌ಟೇಬಲ್ ಬಾಯಿಪಾಠ ಆಗ್ಬಿಡುತ್ತೆ, ಆಯ್ತು ಕೂಡ. ಒಂದು ಶುಕ್ರವಾರ, ಮಡಿಕೇರಿ ಸಂತೆ ದಿನ, ಬಸ್ಸೆಲ್ಲಾ ರಶ್ಶು, ಲೇಟಾಗಿ ಬಂದು ನೋಡಿದ್ರೆ ಸೈಕಲ್ ಇಲ್ಲ, ಕೇಬಲ್ ಲಾಕ್ ಮಾತ್ರ ಸತ್ತ ಹಾವಿನ ಥರ ನೆಲದ ಮೇಲೆ ಬಿದ್ದಿತ್ತು.

ಆ ಲಾಕ್ ನೋಡೋಕೆ ದಪ್ಪ. ಕತ್ತರಿಸಿದ ತುದಿ ನೋಡಿದ ಮೇಲೆ ಗೊತ್ತಾಯ್ತು, ದಪ್ಪ ಇದ್ದಿದ್ದು ಪ್ಲಾಸ್ಟಿಕ್ಕು, ಒಳಗೆ ಹೊಸೆದ ಸಣ್ಣ ತಂತಿ ಅಷ್ಟೇ. ನಮ್ಮ ಕಡೆ ಬೇಲಿ ತಂತಿ ಕತ್ತರಿಸೋ ಕಟರ್ ಯಾವ ಮನೇಲಿ ಇಲ್ಲ ಹೇಳಿ.

ಕಂಪ್ಲೇಂಟ್ ಕೊಡೋಕೆ ಹೋದ್ರೆ ಮೊದಲು ಕೇಳಿದ್ದು ಫ್ರೇಮ್ ನಂಬರ್. ನಾನು ಕಪ್ಪು ಕೆಂಪು ಬಣ್ಣ ಅಂದೆ, ಅವರು ನನ್ನ ಮುಖ ನೋಡಿದ್ರು. ಈ ನಂಬರ್ ಸಾಮಾನ್ಯವಾಗಿ ಪೆಡಲ್ ಆಕ್ಸಲ್ ಇರೋ ಜಾಗದ ಕೆಳಗೆ ಕೊರೆದಿರ್ತಾರೆ, ಸೈಕಲ್ ತಲೆಕೆಳಗೆ ಮಾಡಿ ಕೆಸರು ಒರೆಸಿದ್ರೆ ಕಾಣುತ್ತೆ. ಎರಡು ವರ್ಷ ಓಡಿಸಿದ್ದೆ, ಒಂದು ದಿನ ಬಗ್ಗಿ ನೋಡಿರ್ಲಿಲ್ಲ, ಬಿಲ್ಲೂ ಎಲ್ಲೋ ಕಳ್ದೋಗಿತ್ತು. ಸೈಕಲ್ ಸಿಗ್ಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ ಅಂತಾರಲ್ಲ, ನಾನು ಆಮೇಲೆ ಮಾಡಿದ್ದೆಲ್ಲಾ ಅದೇ.

ಎರಡನೇ ಸೈಕಲ್ ತಗೊಂಡಾಗ ಮೊದಲು ಫ್ರೇಮ್ ನಂಬರ್ ಫೋಟೋ ಮತ್ತೆ ಬಿಲ್ ಫೋಟೋ ತೆಗೆದು ನನಗೇ ನಾನೇ ಮೇಲ್ ಮಾಡ್ಕೊಂಡೆ. ಆಮೇಲೆ ಅಲಾರಂ. ಐಡಿಯಾ ಬಂದಿದ್ದು ಪಕ್ಕದ ತೋಟದವರ ಕಾಫಿ ಕಣದಿಂದ, ಒಣಗೋಕೆ ಹಾಕಿದ ಕಾಫಿ ಮೆಣಸು ಕದ್ದು ಹೋಗುತ್ತೆ ಅಂತ ಅವರು ಅಲ್ಲಿ ಮೋಷನ್ ಸೆನ್ಸರ್ ಸೈರನ್ ಇಟ್ಟಿದ್ರು. ಅದು ಮೈ ಬಿಸಿ ಇರೋ ಯಾವುದು ಓಡಾಡಿದ್ರೂ ಕೂಗುತ್ತೆ, ಅವರ ನಾಯಿಗಂತೂ ರಾತ್ರಿಯೆಲ್ಲಾ ಅದೇ ಆಟ. ಸೈಕಲ್ಲಿಗೆ ಅದು ಬೇಡ, ಅಲುಗಾಡಿದ್ರೆ ಮಾತ್ರ ಕೂಗೋದು ಬೇಕು.

ಮೊದಲು ತಂದಿದ್ದು ಅಲಾರಂ ಇರೋ ಪ್ಯಾಡ್‌ಲಾಕ್. ಬಟನ್ ಸೆಲ್ ಹಾಕೋದು, ಅಲುಗಾಡಿಸಿದ್ರೆ ಮೊದಲು ಕುಂಯ್ ಕುಂಯ್ ಅನ್ನುತ್ತೆ, ಆಮೇಲೂ ಬಿಡದಿದ್ರೆ ಕಿರುಚುತ್ತೆ. ನನ್ನದ್ರಲ್ಲಿ ಕೊಂಡಿಯನ್ನ ಒಂದು ಕಡೆ ಹಾಕಿದ್ರೆ ಅಲಾರಂ ಆನ್, ತಿರುಗಿಸಿ ಹಾಕಿದ್ರೆ ಬರೀ ಬೀಗ. ಇದು ಗೊತ್ತಿಲ್ದೆ ನಾನು ಹತ್ತು ಹದಿನೈದು ದಿನ ಬರೀ ಬೀಗ ಹಾಕ್ಕೊಂಡು ಅಲಾರಂ ಇದೆ ಅನ್ನೋ ಧೈರ್ಯದಲ್ಲಿ ಓಡಾಡಿದೀನಿ, ನಗ್ಬೇಡಿ.

ಆಮೇಲೆ ಜೂನ್ ಬಂತು. ನಮ್ಮ ಕಡೆ ಮಳೆ ಅಂದ್ರೆ ಬಂದು ಹೋಗೋ ಮಳೆ ಅಲ್ಲ, ಕಕ್ಕಡ ತಿಂಗಳು, ಅಂದ್ರೆ ಆಗಸ್ಟ್ ಮಧ್ಯ, ಮುಗಿಯೋವರೆಗೂ ಗೋಡೇನೇ ಬೆವರ್ತಾ ಇರುತ್ತೆ. ಪ್ಯಾಡ್‌ಲಾಕ್ ಮೂರನೇ ವಾರಕ್ಕೆ ದಮ್ಮು ಹಿಡಿದವರ ಥರ ಕೂಗೋಕೆ ಶುರು ಮಾಡ್ತು, ಬಿಚ್ಚಿದ್ರೆ ಸೆಲ್ ಕಾಂಟ್ಯಾಕ್ಟ್ ಮೇಲೆ ಹಸಿರು ಪಾಚಿ ಥರ ತುಕ್ಕು.

ಈಗ ಇರೋದು ಸೀಟ್ ಕೆಳಗೆ ಕಟ್ಟೋ ವೈಬ್ರೇಶನ್ ಅಲಾರಂ, ಮೂರು ಸಣ್ಣ ಸೆಲ್, ಜೊತೆಗೆ ಎರಡು ರಿಮೋಟ್. ಇದಕ್ಕೆ ಹಳೇ ಸೈಕಲ್ ಟ್ಯೂಬ್ ಒಂದು ಗೇಣು ಕತ್ತರಿಸಿ ಕಾಲ್ಚೀಲದ ಹಾಗೆ ತೊಡಿಸಿದೀನಿ, ಕಾಂಟ್ಯಾಕ್ಟಿಗೆ ತೆಳ್ಳಗೆ ವ್ಯಾಸಲೀನ್, ಒಳಗೆ ಶೂ ಬಾಕ್ಸಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಒಂದು. ಸೌಂಡ್ ಬರೋ ತೂತು ಮುಚ್ಚಬಾರ್ದು, ಅದು ನೆಲದ ಕಡೆ ಮುಖ ಮಾಡಿರ್ಬೇಕು, ನಾನು ಮೊದಲು ಮೇಲ್ಮುಖ ಕಟ್ಟಿ ಅದ್ರಲ್ಲಿ ನೀರು ತುಂಬಿ ಕಪ್ಪೆ ಸ್ವರ ಬಂದಿತ್ತು. ರಾತ್ರಿ ಬಿಚ್ಚಿ ಒಲೆ ಪಕ್ಕದ ಗೂಡಲ್ಲಿ ಇಡ್ತೀನಿ.

ಸೆನ್ಸಿಟಿವಿಟಿ, ಅಂದ್ರೆ ಎಷ್ಟು ಅಲುಗಾಡಿದ್ರೆ ಕೂಗ್ಬೇಕು ಅನ್ನೋ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ಬೇಕು. ಹೈನಲ್ಲಿ ಇಟ್ಟಿದ್ದೆ, ಲಾರಿ ಹೋದ್ರೂ ಕೂಗ್ತು, ಗಾಳಿಗೂ ಕೂಗ್ತು, ತಗಡಿನಿಂದ ದಪ್ಪ ಹನಿ ಸೀಟ್ ಮೇಲೆ ಬಿದ್ರೂ ಕೂಗ್ತು. ಒಂದೇ ವಾರಕ್ಕೆ ತೋಳ ಬಂತು ತೋಳ ಕಥೆ. ಅಂಗಡಿ ಅಕ್ಕ ಒಂದು ಸಂಜೆ, ನಾಳೆಯಿಂದ ಇದನ್ನ ಬೇರೆ ಕಡೆ ನಿಲ್ಸಪ್ಪ ಅಂದ್ರು. ಮನೆಯಿಂದ ಒಂದು ಚೀಲ ಬಟರ್‌ಫ್ರೂಟ್ ತಂದು ಕೊಟ್ಟು ಸಮಾಧಾನ ಮಾಡಿ ಲೋಗೆ ಇಳಿಸಿದೆ.

ಇನ್ನೊಂದು, 110 ಡೆಸಿಬಲ್ ಅಂತ ಡಬ್ಬದ ಮೇಲೆ ಬರ್ದಿರೋದು ನಿಜಾನೇ ಅಂದ್ಕೊಂಡ್ರೂ ಅದು ಸಾಮಾನ್ಯವಾಗಿ ಒಂದು ಮೀಟರ್ ಹತ್ರದ ಲೆಕ್ಕ. ಬಯಲಲ್ಲೇ ಹತ್ತು ಪಟ್ಟು ದೂರ ಹೋದ್ರೆ 20 ಡೆಸಿಬಲ್ ಇಳಿಯುತ್ತೆ, ಅಂದ್ರೆ 10 ಮೀಟರಲ್ಲಿ 90, ನೂರು ಮೀಟರಲ್ಲಿ 70. ಮಧ್ಯ ಗೋಡೆ, ಸಿಲ್ವರ್ ಮರ, ತಲೆ ಮೇಲೆ ತಗಡು, ತಗಡಿನ ಮೇಲೆ ಜುಲೈ ಮಳೆ. ಅಂಥ ಮಳೇಲಿ ಅಂಗಡಿ ಹಿಂದೆ ಅದು ಎಷ್ಟು ಕೂಗಿದ್ರೂ ಮುಂದೆ ಕೂತವರಿಗೆ ಕೇಳಲ್ಲ, ನಾನೇ ಒಳಗೆ ಕೂತು ನೋಡಿದೀನಿ, ಮಿಕ್ಸಿ ತಿರುಗಿದಷ್ಟೂ ಕೇಳ್ಲಿಲ್ಲ. ಇಷ್ಟು ದಿನ ಸೈಕಲ್ಲನ್ನ ಕಣ್ಣಿಗೆ ಬೀಳದ ಹಾಗೆ ಹಿಂದೆ ಬಚ್ಚಿಡ್ತಿದ್ದೆ, ಅದು ಕಳ್ಳನಿಗೆ ನಾನೇ ಮಾಡ್ಕೊಟ್ಟ ಅನುಕೂಲ. ಅವತ್ತಿಂದ ಅಂಗಡಿ ಮುಂದೇನೇ, ಅಕ್ಕ ಕೂರೋ ಜಾಗದಿಂದ ಎರಡು ಮಾರು ದೂರದ ಕಬ್ಬಿಣದ ಕಂಬಕ್ಕೆ ಚೈನ್ ಸುತ್ತಿ ಬೀಗ ಹಾಕ್ತೀನಿ. ಎರಡನೇ ರಿಮೋಟ್ ಅವರಿಗೇ ಕೊಟ್ಟೆ, ಸಾಮಾನು ಇಳಿಸುವಾಗ ಆಫ್ ಮಾಡ್ಕೊಳ್ಳಿ ಅಂತ. ಒಟ್ಟು ಖರ್ಚಿನಲ್ಲಿ ನಯಾಪೈಸೆ ಇಲ್ಲದ ಕೆಲಸ ಇದೊಂದೇ, ಕೆಲಸಕ್ಕೆ ಬಂದಿದ್ದೂ ಇದೇ.

ಮಧ್ಯದಲ್ಲಿ ಏರ್‌ಟ್ಯಾಗ್, ಅಂದ್ರೆ ವಸ್ತು ಎಲ್ಲಿದೆ ಅಂತ ಫೋನಲ್ಲಿ ತೋರಿಸೋ ಆಪಲ್ ಕಂಪನಿಯ ಬಿಲ್ಲೆ, ಅದರ ಹುಚ್ಚೂ ಹಿಡ್ದಿತ್ತು. ನನ್ನ ಹತ್ರ ಐಫೋನ್ ಇಲ್ಲ, ಮೈಸೂರಲ್ಲಿರೋ ತಂಗಿ ಫೋನಿಗೆ ಸೇರಿಸಿ ಬಾಟಲ್ ಸ್ಟ್ಯಾಂಡ್ ಕೆಳಗೆ ಅಂಟಿಸಿದೆ. ಅದು ಓನರ್ ಫೋನಿಂದ ಬಹಳ ಹೊತ್ತು ದೂರ ಇದ್ದು ಆಮೇಲೆ ಅಲುಗಾಡಿದ್ರೆ ಪೀಪ್ ಪೀಪ್ ಅನ್ನುತ್ತೆ, ಕದ್ದು ಯಾರನ್ನೂ ಹಿಂಬಾಲಿಸಬಾರ್ದು ಅಂತ ಮಾಡಿರೋ ವ್ಯವಸ್ಥೆ. ಸರಿ, ನಾನು ತುಳಿಯುವಾಗೆಲ್ಲಾ ಮರಿ ಕೋಳಿ ಕೂಗಿದ ಹಾಗೆ ಕೂಗೋದು, ಮೇಲಿಂದ ನನ್ನ ಆಂಡ್ರಾಯ್ಡ್ ಫೋನೇ ನಿಮ್ಮ ಜೊತೆ ಗೊತ್ತಿಲ್ಲದ ಟ್ರ್ಯಾಕರ್ ಬರ್ತಿದೆ ಅಂತ ಎಚ್ಚರಿಸೋದು! ಜೊತೆಗೆ ಅದರಲ್ಲಿ ಜಿಪಿಎಸ್ ಇಲ್ಲ, ಹತ್ರದಲ್ಲಿ ಯಾರದ್ದಾದ್ರೂ ಆಪಲ್ ಫೋನ್ ಹಾದು ಹೋದ್ರೆ ಅದರ ಮೂಲಕ ಜಾಗ ತೋರಿಸುತ್ತೆ. ಮಡಿಕೇರಿ ಪೇಟೆಯಲ್ಲಿ ಟೂರಿಸ್ಟುಗಳಿಂದ ಪರ್ವಾಗಿಲ್ಲ, ನಮ್ಮ ತೋಟದ ಕೆಲಸದವರ ಲೈನ್ ಮನೆ ಹತ್ರ ಯಾರ ಹತ್ರ ಇದೆ ಐಫೋನು. ಸಿಮ್ ಹಾಕೋ ಜಿಪಿಎಸ್ ಟ್ರ್ಯಾಕರ್ ಪರಿಚಯದವರದ್ದು ತಂದು ನೋಡಿದೆ, ಕಣಿವೆಗೆ ಇಳಿದ್ರೆ ನೆಟ್‌ವರ್ಕ್ ಇಲ್ಲ, ಅದೂ ಮೂಕ. ಎರಡನ್ನೂ ಬಿಟ್ಟೆ.

ಕ್ವಿಕ್ ರಿಲೀಸ್ ಚಕ್ರ, ಅಂದ್ರೆ ಲಿವರ್ ಎಳೆದು ಕೈಯಲ್ಲೇ ಬಿಚ್ಚೋ ಥರದ್ದು ಇದ್ರೆ ಅದನ್ನ ಮೊದಲು ಆಲನ್ ಕೀ ಬೋಲ್ಟಿಗೆ ಬದಲಾಯಿಸಿ, ಇಲ್ದಿದ್ರೆ ಚಕ್ರ ಕಂಬಕ್ಕೆ ಬೀಗ ಹಾಕಿಸ್ಕೊಂಡು ನಿಂತಿರುತ್ತೆ, ಸೈಕಲ್ ಹೋಗಿರುತ್ತೆ. ಸೀಟ್ ಬೋಲ್ಟಿನ ಗುಳಿಯೊಳಗೆ, ಯಾರೂ ಕೀ ತೂರಿಸದ ಹಾಗೆ, ನಾನು ಮೇಣದಬತ್ತಿ ಮೇಣ ತುಂಬಿಸಿದೀನಿ, ಬೇಕಾದಾಗ ಸೂಜಿಯಿಂದ ಕೆದಕಿದ್ರೆ ಬರುತ್ತೆ. ಎಂ-ಸೀಲ್ ಹಾಕ್ಬೇಡಿ, ಆಮೇಲೆ ನಿಮಗೂ ಬರಲ್ಲ.

ಹೋದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಅಲಾರಂ ನಿಲ್ಲದೆ ಕೂಗಿದೆ. ಅಕ್ಕ ಲೋಟ ತೊಳೀತಿದ್ದವರು ಹೊರಗೆ ಬಂದ್ರೆ ರೇನ್‌ಕೋಟ್ ಹಾಕಿದವನೊಬ್ಬ ಸೈಕಲ್ ಪಕ್ಕ ಕೂತಿದ್ದ, ಚೈನ್ ಸಿಕ್ಕಾಕೊಂಡಿದೆ ಅಂದನಂತೆ. ಯಾರ ಸೈಕಲಪ್ಪ ಇದು ಅಂತ ಇವರು ಕೇಳಿದ್ದಕ್ಕೆ ಎದ್ದು ಸೀದಾ ಕುಶಾಲನಗರ ಕಡೆ ಬಸ್ ಹತ್ತಿದ್ನಂತೆ. ಸಂಜೆ ನೋಡಿದ್ರೆ ಕಂಬಕ್ಕೆ ಸುತ್ತಿದ್ದ ಚೈನಿನ ಒಂದು ಕೊಂಡಿ ಮೇಲೆ ಗರಗಸದ ಗೀರು, ಬೆಳ್ಳಗೆ ಹೊಳೀತಿತ್ತು. ಹದ ಮಾಡಿ ಗಟ್ಟಿ ಮಾಡಿದ ಸ್ಟೀಲಿನ ಚೈನ್ ಆಗಿದ್ದಕ್ಕೆ ಗೀರಲ್ಲೇ ನಿಂತಿತ್ತು. ಹಳೇ ಕೇಬಲ್ ಆಗಿದ್ರೆ ಅಕ್ಕ ಕೈ ಒರೆಸ್ಕೊಂಡು ಬರೋದ್ರೊಳಗೆ ಮುಗೀತಿತ್ತು, ಅಲಾರಂ ಇಲ್ದೆ ಬರೀ ಚೈನ್ ಇದ್ದಿದ್ರೆ ಅವನಿಗೆ ಇಡೀ ಮಧ್ಯಾಹ್ನ ಟೈಮ್ ಇರ್ತಿತ್ತು.

ರಿಮೋಟ್ ಈಗ ಅಂಗಡೀಲಿ ಬಾಳೆಗೊನೆ ಪಕ್ಕದ ಮೊಳೆಗೆ ನೇತಾಡುತ್ತೆ. ಮೊನ್ನೆ ಅದರ ಸೆಲ್ ಮುಗಿದು ಆಫ್ ಮಾಡೋಕಾಗ್ದೆ, ಸಾಮಾನು ಇಳಿಸಿ ಮುಗಿಯೋವರೆಗೂ ಸೀಟ್ ಮೇಲೆ ಎರಡು ಗೋಣಿಚೀಲ ಹೊದಿಸಿ ಮೇಲೆ ಒಂದು ಹುಡುಗನ್ನ ಕೂರಿಸಿದ್ರಂತೆ. ನಾಳೆ ಸೆಲ್ ತಗೊಂಡು ಹೋಗ್ಬೇಕು, ಜೊತೆಗೆ ಬಟರ್‌ಫ್ರೂಟೂ.