ದೋಸೆ ಕಾವಲಿ ಬಗ್ಗೆ ಕನ್ನಡದಲ್ಲಿ ಬರೆದು ಕಮಿಷನ್ ಗಳಿಸಿದ್ದು: ನನ್ನ ಅನುಭವ

ಕನ್ನಡದಲ್ಲಿ ಬರೆದರೆ ಅಫಿಲಿಯೇಟ್ ದುಡ್ಡು (ನಮ್ಮ ಲಿಂಕ್ ಒತ್ತಿ ಯಾರಾದರೂ ಆನ್‌ಲೈನಿನಲ್ಲಿ ಕೊಂಡರೆ ನಮಗೆ ಸಿಗುವ ಕಮಿಷನ್) ಬರೋದಿಲ್ಲ ಅಂದವರೇ ಈಗ ಹೇಗೆ ಮಾಡಿದೆ ಅಂತ ನನ್ನನ್ನು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಡೊಮೇನ್, ವರ್ಡ್‌ಪ್ರೆಸ್, ಲಿಂಕ್ ಮಾಡೋದು, ಹೀಗೆ ಬ್ಲಾಗ್ ಶುರು ಮಾಡುವ ಕೆಲಸ ನಿಮಗೆ ಗೊತ್ತೇ ಇದೆ, ಅದನ್ನೆಲ್ಲ ಬಿಡುತ್ತೇನೆ.

ನನ್ನ ವಿಷಯ ಕಬ್ಬಿಣದ ಪಾತ್ರೆ. ದೋಸೆ ಕಾವಲಿ, ರೊಟ್ಟಿ ಹಂಚು, ಪಡ್ಡಿನ ಕಾವಲಿ, ಬಾಣಲೆ. ನಾನು ದಾವಣಗೆರೆಯವಳು, ದೋಸೆ ವಿಷಯದಲ್ಲಿ ನಮಗೆ ಹಟ ಸ್ವಲ್ಪ ಜಾಸ್ತಿ. ಇದೇ ಕೆಲಸ ಮಾಡುವ ಗೆಳೆಯರು ಶುರುವಿನಲ್ಲಿ ಹೇಳಿದ್ದು ಒಂದೇ ಮಾತು: ಮೊಬೈಲ್ ಬಗ್ಗೆ ಬರಿ, ಇಂಗ್ಲಿಷಿನಲ್ಲಿ ಬರಿ, ಒಂದು ಕಾವಲಿ ಕೊಂಡರೆ ಇಪ್ಪತ್ತು ವರ್ಷ ಬರುತ್ತೆ, ಯಾರು ಮತ್ತೆ ಮತ್ತೆ ಕೊಳ್ತಾರೆ? ಲೆಕ್ಕ ಸರಿಯೇ. ಆದರೆ ಮೊಬೈಲ್ ಬಗ್ಗೆ ನನಗೆ ನಾಲ್ಕು ಲೇಖನ ಬರೆಯುವಷ್ಟೂ ಆಸಕ್ತಿ ಇಲ್ಲ. ಕಾವಲಿ ಅಂದರೆ ಅಡುಗೆಮನೆ ಕೆಲಸ ಮುಗಿದ ಮೇಲೆ ರಾತ್ರಿ ಹನ್ನೊಂದಕ್ಕೂ ಕೂತು ಬರೆಯುತ್ತೇನೆ.

ಮೊದಲ ವರ್ಷ ಪೂರ್ತಿ ಖರ್ಚೇ. ಡೊಮೇನ್ (ಬ್ಲಾಗಿನ ವಿಳಾಸ), ಹೋಸ್ಟಿಂಗ್ (ಅದನ್ನು ಇಡುವ ಜಾಗದ ಬಾಡಿಗೆ) ಸೇರಿ ಮೂರೂವರೆ ಸಾವಿರದ ಹತ್ತಿರ. ಎಲ್ಲರೂ ಮಾಡುವ ಹಾಗೆ 'ಟಾಪ್ 10 ಕಾವಲಿಗಳು' ಥರದ ಲೇಖನ ಹಾಕಿದ್ದೆ. ಓದೋಕೆ ಜನ ಬರುತ್ತಿದ್ದರು, ಹತ್ತೂ ನೋಡಿ ಹೋಗುತ್ತಿದ್ದರು, ಲಿಂಕ್ ಮಾತ್ರ ಯಾರೂ ಒತ್ತುತ್ತಿರಲಿಲ್ಲ. ಒಂದು ಅಫಿಲಿಯೇಟ್ ಕಾರ್ಯಕ್ರಮದಲ್ಲಂತೂ 180 ದಿನದಲ್ಲಿ ಮೂರು ಮಾರಾಟ ಆಗಲಿಲ್ಲ ಅಂತ ಖಾತೆಯೇ ಮುಚ್ಚಿಹೋಯಿತು. ನಮ್ಮ ಮನೆಯವರ, ನೆಂಟರ ಆರ್ಡರ್ ಲೆಕ್ಕಕ್ಕೆ ಬರೋದಿಲ್ಲ, ಅದು ನಿಮಗೂ ಗೊತ್ತಿರುತ್ತದೆ. ಮತ್ತೆ ಅರ್ಜಿ ಹಾಕಿದೆ.

ದಿಕ್ಕು ಬದಲಾಗಿದ್ದು 'ಹೊಸ ಕಾವಲಿಗೆ ದೋಸೆ ಯಾಕೆ ಅಂಟುತ್ತೆ' ಅಂತ ಬರೆದ ಮೇಲೆ. ಅದರಲ್ಲಿ ಕೊಳ್ಳಿ ಅನ್ನೋ ಮಾತೇ ಇರಲಿಲ್ಲ. ಅಂಗಡಿಯಿಂದ ಬರುವಾಗ ತುಕ್ಕು ಹಿಡಿಯಬಾರದು ಅಂತ ಹಚ್ಚಿರುವ ಎಣ್ಣೆ ಮೊದಲು ಹೋಗಬೇಕು, ಅದಕ್ಕೆ ಗಂಜಿ ಅಥವಾ ಅಕ್ಕಿ ತೊಳೆದ ನೀರಿನಲ್ಲಿ ಎರಡು ಮೂರು ದಿನ ಇಡಿ, ನೀರು ದಿನಾ ಬದಲಾಯಿಸಿ. ಆಮೇಲೆ ಎಣ್ಣೆ ಸವರಿ, ಬಟ್ಟೆಯಲ್ಲಿ ಪೂರ್ತಿ ಒರೆಸಿಬಿಟ್ಟೆವೇನೋ ಅನ್ನುವಷ್ಟು ತೆಳ್ಳಗೆ ಒರೆಸಿ, ಹೊಗೆ ಬರುವ ತನಕ ಕಾಯಿಸಿ, ಆರಿಸಿ, ಮತ್ತೆ ಸವರಿ. ಎಣ್ಣೆ ದಪ್ಪ ಆದರೆ ಅಂಟು ಅಂಟಾಗಿ ಕೂರುತ್ತದೆ, ಬಹಳ ಜನ ಸೋಲೋದು ಇಲ್ಲೇ. ಮೊದಲ ದೋಸೆಗೆ ಮುಂಚೆ ಈರುಳ್ಳಿ ಹುರಿಯಿರಿ. ಹುಣಸೆಹಣ್ಣಿನಿಂದ ತಿಕ್ಕಬೇಡಿ, ಆ ಹುಳಿಗೆ, ಎಣ್ಣೆ ಕಾದು ಕೂತು ಪಳಗಿದ ಪದರವೆಲ್ಲ ಎದ್ದು ಬರುತ್ತದೆ. ಕಾದ ಕಾವಲಿಗೆ ತಣ್ಣೀರು ಸುರಿಯಬೇಡಿ, ಎರಕದ ಕಬ್ಬಿಣ ಸೀಳು ಬಿಡಬಹುದು. ಅಗಸೆ ಎಣ್ಣೆಯೇ ಶ್ರೇಷ್ಠ ಅಂತ ಎಲ್ಲೆಡೆ ಬರೆಯುತ್ತಾರೆ ಅಲ್ವಾ, ಅದನ್ನೂ ಮಾಡಿ ನೋಡಿದೆ. ನೋಡೋಕೆ ಕಪ್ಪಗೆ ಚಂದ, ಆದರೆ ಸ್ವಲ್ಪ ದಿನಕ್ಕೇ ಹೊಟ್ಟು ಹೊಟ್ಟಾಗಿ ಎದ್ದಿತು. ಸೂರ್ಯಕಾಂತಿ ಎಣ್ಣೆಯೇ ಸಾಕು.

ಲೇಖನದ ಕೊನೆಗೆ ಒಂದು ಭಾಗ ಸೇರಿಸಿದೆ. ನಿಮ್ಮ ಕಾವಲಿ ಎರಕದ್ದಾಗಿದ್ದು ತಳ ಸಮ ಇದ್ದರೆ ಹೊಸದು ಬೇಡ, ಇದನ್ನೇ ಪಳಗಿಸಿ. ತೆಳು ತಗಡಿನದ್ದಾಗಿ ನಡುವೆ ಉಬ್ಬಿದ್ದರೆ, ಇಲ್ಲ ತಳ ಸಮ ಇಲ್ಲದೆ ಮನೆಯಲ್ಲಿ ಇಂಡಕ್ಷನ್ ಒಲೆ ಬಂದಿದ್ದರೆ, ಎಷ್ಟು ಪಳಗಿಸಿದರೂ ಪ್ರಯೋಜನ ಇಲ್ಲ, ಆಗ ಮಾತ್ರ ಇದನ್ನು ನೋಡಿ ಅಂತ ಒಂದೇ ಲಿಂಕ್. ಹತ್ತಲ್ಲ, ಒಂದೇ. ಬೇಡ ಅಂತ ಹೇಳುವ ಜಾಗದಲ್ಲೇ ಆರ್ಡರ್ ಬಿತ್ತು! ಓದುವವರಲ್ಲಿ ಮುಕ್ಕಾಲು ಪಾಲು ಏನೂ ಕೊಳ್ಳೋದಿಲ್ಲ, ಕೊಳ್ಳುವವರು ನಂಬಿ ಕೊಳ್ಳುತ್ತಾರೆ, ವಾಪಸ್ ಕಳಿಸೋದಿಲ್ಲ. ವಾಪಸ್ ಬಂದರೆ ನಮ್ಮ ಕಮಿಷನ್ನೂ ವಾಪಸ್ ಅಲ್ವಾ, ಈ ವಸ್ತುವಿನಲ್ಲಿ ಅದೇ ದೊಡ್ಡ ವಿಷಯ.

ಒಂದು ಕಾವಲಿಗೆ ಸಿಗೋದು ಅರವತ್ತು ಎಪ್ಪತ್ತು ರೂಪಾಯಿ ಅಷ್ಟೇ. ಹಾಗಾದರೆ ದುಡ್ಡು ಎಲ್ಲಿಂದ ಅಂದರೆ, ಬುಟ್ಟಿಯಿಂದ. ಅಮೆಜಾನ್‌ನಲ್ಲಿ ನಮ್ಮ ಲಿಂಕ್‌ನಿಂದ ಒಳಗೆ ಹೋದವರು 24 ಗಂಟೆಯೊಳಗೆ ಬೇರೆ ಏನು ಕೊಂಡರೂ ಸಾಮಾನ್ಯವಾಗಿ ನಮ್ಮ ಲೆಕ್ಕಕ್ಕೆ ಬರುತ್ತದೆ. ಕಾವಲಿ ನೋಡೋಕೆ ಹೋದವರು ಮಿಕ್ಸಿ ಕೊಂಡಿದ್ದಾರೆ, ವೆಟ್ ಗ್ರೈಂಡರ್ ಕೊಂಡಿದ್ದಾರೆ, ಒಬ್ಬರು ಸೈಕಲ್ಲೂ ಕೊಂಡಿದ್ದಾರೆ. ಗ್ರೈಂಡರ್ ಬಗ್ಗೆ ನಾನು ಒಂದು ಸಾಲೂ ಬರೆದಿಲ್ಲ.

ಮೊದಲು ಕೈಗೆ ಬಂದಿದ್ದು ಸಾವಿರದ ನೂರು ಚಿಲ್ಲರೆ. ಅದನ್ನು ಮನೆಯವರಿಗೆ ತೋರಿಸಿದ ಖುಷಿ ಈಗ ಹತ್ತು ಸಾವಿರ ಬಂದರೂ ಇಲ್ಲ. ಈಗ ಸಾಧಾರಣ ತಿಂಗಳು ಒಂಬತ್ತರಿಂದ ಹದಿಮೂರು ಸಾವಿರ, ದಸರಾ ದೀಪಾವಳಿ ಸೇಲ್ ಇರುವಾಗ ಮೂವತ್ತರ ಹತ್ತಿರ. ಆಷಾಢದಲ್ಲಿ ಬಿದ್ದುಹೋಗುತ್ತದೆ. ದುಡ್ಡು ಕೈಗೆ ಬರೋಕೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ, ಆದ್ದರಿಂದ ದೀಪಾವಳಿ ದುಡ್ಡು ಸಂಕ್ರಾಂತಿಗೆ ಅಂತ ಲೆಕ್ಕ ಇಟ್ಟುಕೊಳ್ಳಿ. ಕಮಿಷನ್ ಮೇಲೆ ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿಯುವ ಆದಾಯ ತೆರಿಗೆ) 5 ಪರ್ಸೆಂಟ್ ಹಿಡಿಯುತ್ತಿದ್ದರು, 2024ರ ಅಕ್ಟೋಬರ್‌ನಿಂದ ಅದು 2 ಆಯಿತು. ನೀವು ತೆರಿಗೆ ಕಟ್ಟಬೇಕಿಲ್ಲದಿದ್ದರೆ ಆದಾಯ ತೆರಿಗೆ ರಿಟರ್ನ್ಸ್ ಹಾಕಿ ವಾಪಸ್ ಪಡೆಯಿರಿ, ಸಣ್ಣ ಮೊತ್ತ ಅಂತ ಬಿಡಬೇಡಿ.

ಇಲ್ಲಿ ತನಕ ಪಾತ್ರೆಗಳಿಗೇ ಹದಿನೆಂಟು ಇಪ್ಪತ್ತು ಸಾವಿರ ಹಾಕಿದ್ದೇನೆ. ನಾನು ಬಳಸದೆ ಇರುವ ಯಾವುದಕ್ಕೂ ಲಿಂಕ್ ಹಾಕೋದಿಲ್ಲ. ಕೊಂಡ ದಿನ, ತಿಂಗಳಾದ ಮೇಲೆ, ಆರು ತಿಂಗಳಾದ ಮೇಲೆ ಅಂತ ಅದೇ ಕಾವಲಿಯ ಫೋಟೋ ಅದೇ ಒಲೆ ಮೇಲೆ ತೆಗೆಯುತ್ತೇನೆ. ಕಂಪನಿ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ, ಕಪ್ಪಾಗುತ್ತಾ ಬಂದ ನನ್ನ ಕಾವಲಿ ನನ್ನ ಹತ್ತಿರ ಮಾತ್ರ.

ನಡುವೆ ಬಳಪದ ಕಲ್ಲಿನ ಬಾಣಲೆ ಕಡೆಗೂ ಹೋದೆ. ಲೇಖನ ಚೆನ್ನಾಗಿ ಓಡಿತು, ಆರ್ಡರೂ ಬಂದವು, ಆದರೆ ಕಲ್ಲು ದಾರಿಯಲ್ಲೇ ಒಡೆದು ಬರುತ್ತಿತ್ತು. ಆ ತಿಂಗಳ ಕಮಿಷನ್ ಅರ್ಧ ಕಳೆದುಹೋಯಿತು. ಲೇಖನ ಉಳಿಸಿಕೊಂಡೆ, ಲಿಂಕ್ ತೆಗೆದೆ, ಕೈಯಲ್ಲಿ ಮುಟ್ಟಿ ನೋಡಿ ಅಂಗಡಿಯಲ್ಲೇ ಕೊಳ್ಳಿ ಅಂತ ಬರೆದೆ. ಇನ್ನೊಂದು ಪಾತ್ರೆ ಕಂಪನಿ ನೇರವಾಗಿ 10 ಪರ್ಸೆಂಟ್ ಕೊಡುತ್ತೇವೆ ಅಂತ ಕೂಪನ್ ಕೋಡ್ ಕೊಟ್ಟಿತು. ಎರಡು ತಿಂಗಳು ಕೊಟ್ಟರು, ಆಮೇಲೆ ಫೋನೂ ಎತ್ತಲಿಲ್ಲ. ನಾಲ್ಕು ಸಾವಿರದಷ್ಟು ಇನ್ನೂ ಬರಬೇಕು. ಕಡಿಮೆ ಕಮಿಷನ್ ಆದರೂ ನಂಬಿಕೆಯಿಂದ ಕೊಡುವ ಕಡೆಯೇ ಇರಿ.

ಇದು ಕಮಿಷನ್ ಲಿಂಕ್, ನಿಮಗೆ ಬೆಲೆ ಹೆಚ್ಚಾಗೋದಿಲ್ಲ ಅಂತ ಲೇಖನದ ತಲೆಯಲ್ಲೇ ಕನ್ನಡದಲ್ಲಿ ಬರೆದಿದ್ದೇನೆ. ಕ್ಲಿಕ್ ಕಮ್ಮಿ ಆಗುತ್ತೆ ಅಂತ ಹೆದರಿಸಿದರು, ಆಗಲಿಲ್ಲ. 'ನಿಮ್ಮ ಲಿಂಕ್ ಕಳಿಸಿ, ಅದರಿಂದಲೇ ಕೊಳ್ತೀನಿ' ಅಂತ ಕೇಳಿ ಬರೆಯುವವರು ಇದ್ದಾರೆ. ಬೆಲೆ ಮಾತ್ರ ಲೇಖನದಲ್ಲಿ ಬರೆಯಬೇಡಿ, ಬೆಳಿಗ್ಗೆ ಇದ್ದದ್ದು ಸಂಜೆಗೆ ಇರೋದಿಲ್ಲ.

ಸೇಲ್ ವಾರಕ್ಕೆ ಮುಂಚೆ ಹಳೇ ಲೇಖನಗಳಲ್ಲಿ ನಾನು ಏನು ಬದಲಾಯಿಸುತ್ತೇನೆ ಅನ್ನೋದನ್ನು ಇಲ್ಲಿ ಹೇಳೋದಿಲ್ಲ. ಆ ಮೂವತ್ತು ಸಾವಿರ ಬರೋದೇ ಅದರಿಂದ. ಲೇಖನಕ್ಕೆ ಯಾವ ಪ್ರಶ್ನೆ ಆರಿಸಬೇಕು ಅಂತ ತಿಳಿದುಕೊಳ್ಳುವ ಜಾಗವೂ ನನ್ನ ಹತ್ತಿರವೇ ಇರಲಿ. ಒಂದು ಸುಳಿವು ಕೊಡುತ್ತೇನೆ: ಕೀವರ್ಡ್ ಟೂಲ್‌ಗಳಲ್ಲಿ ಕನ್ನಡದ ಪ್ರಶ್ನೆಗಳನ್ನು ಹುಡುಕುವವರು ಸೊನ್ನೆ ಅಂತ ತೋರಿಸಿದರೆ ನಂಬಬೇಡಿ, ನನ್ನ ಅತಿ ಹೆಚ್ಚು ಓದಿದ ಲೇಖನಕ್ಕೂ ಸೊನ್ನೆಯೇ ತೋರಿಸುತ್ತಿತ್ತು.

ಈಗ ಒಲೆ ಮೇಲೆ ಮೂರು ಪಡ್ಡಿನ ಕಾವಲಿ ಇವೆ. ಒಂದರಲ್ಲಿ ನಡುವಿನ ಗುಳಿ ಮಾತ್ರ ಹೊತ್ತಿ, ಸುತ್ತಲಿನವು ಹಸಿ ಉಳಿಯುತ್ತಿವೆ. ಕಾರಣ ಗೊತ್ತಾಗುವ ತನಕ ಅದರ ಬಗ್ಗೆ ಬರೆಯೋದಿಲ್ಲ.